ಗೆರೆ ನಮಗೆ, ಭರ್ತಿ ಅವರಿಗೆ

ನವೆಂಬರ್ 11, ಸೋಮವಾರ

ಇವತ್ತು ಮೈದುನ ಖಾಜಾನ ಕೈಯನ್ನು ನಾನು ಕಚ್ಚಿದೆ. ಹೆಬ್ಬೆರಳಿನ ಬುಡದಲ್ಲಿ, ಹಲ್ಲು ಊರುವ ಹಾಗೆ. ಬಿಡಿಸಿಕೊಳ್ಳಲು ಅವನು ನನ್ನ ಜಡೆ ಹಿಡಿದು ಎಳೆಯಬೇಕಾಯಿತು. ಬಾಯಲ್ಲಿ ಬಂದ ರಕ್ತ ಅವನದೋ ನನ್ನದೋ ತಿಳಿಯಲಿಲ್ಲ. ಮನೆಗೆ ಬಂದು ಬಾಯಿ ಮುಕ್ಕಳಿಸಿ ಉಗಿದು ಬರೆಯಲು ಕೂತಿದ್ದೇನೆ. ಯಾರಿಗೂ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ, ಹೇಳಿದರೆ ಓಣಿಯೆಲ್ಲ ಹರಡುತ್ತದೆ. ಕಾಗದಕ್ಕೆ ಬಾಯಿಲ್ಲ, ಅದಕ್ಕೇ ಹೇಳುತ್ತೇನೆ.

ಮೈದುನನ ಮನೆಗೆ ನಾನು ಜಗಳಕ್ಕೆಂದು ಹೋಗಿರಲಿಲ್ಲ. ಕೇಳಲು ಹೋಗಿದ್ದೆ. ಬಟ್ಟೆಯ ಮೇಲೆ ತೊಗರಿ ಹೂವಿಗೆ ಬಣ್ಣ ತುಂಬುವ ಭರ್ತಿ ಅಚ್ಚು ಒಂದನ್ನು ಕೊಡು, ಕೆಲಸ ಮುಗಿದ ಮೇಲೆ ತೊಳೆದು ಒರೆಸಿ ಎಣ್ಣೆ ಹಚ್ಚಿ ತಂದುಕೊಡುತ್ತೇನೆ ಎಂದು ಮೆತ್ತಗೆ ಕೇಳಿದೆ. ಇಷ್ಟು ಮೆತ್ತಗೆ ನನ್ನ ಗಂಡನ ಹತ್ತಿರವೂ ನಾನು ಮಾತಾಡಿದವಳಲ್ಲ.

"ಭರ್ತಿ ಬೇಕಂದ್ರ ನಿನ್ನ ಗೆರಿ ಅಚ್ಚು ಇಲ್ಲಿ ತಂದಿಡು ಭಾಬಿ. ನನ್ನ ಮನ್ಯಾಗ, ನನ್ನ ಮೇಜಿನ ಮ್ಯಾಲ ಕೆಲಸ ಆಗ್ಲಿ. ಕೂಡಿ ಮಾಡೂನು," ಎಂದ.

"ನಿನ್ನ ಮೇಜಿನ ಮ್ಯಾಲ ನಿನ್ನ ಹೆಣಾ ಇಡ್ಲಿ!" ಎಂದೆ.

ಅಲ್ಲಿಂದ ಶುರುವಾಯಿತು. ಮನೆಯೊಳಗೆ ನಾವು ಆಡುವುದು ಉರ್ದು, ಇಲ್ಲಿ ಅದನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಜಗಳ ಮಾತ್ರ ಕನ್ನಡದಲ್ಲಿ, ಓಣಿಗೆಲ್ಲ ತಿಳಿಯಲಿ ಎಂದು. ಅವನು ನನ್ನ ಭುಜಕ್ಕೆ ಕೈ ಹಾಕಿ ಹೊಸ್ತಿಲಾಚೆ ದಬ್ಬಿದ, ಆ ಕೈಯನ್ನೇ ನಾನು ಕಚ್ಚಿದೆ. ಮೊದಲು ಕೈ ಹಾಕಿದವನು ಅವನು, ಇದನ್ನು ಬರೆದಿಡುತ್ತೇನೆ.

ತಪ್ಪು ಪಾಲು ಮಾಡಿದ ಪಂಚರದು. ನನ್ನ ಮಾವ ಲಾಡ್ಲೆಸಾಬ ಆಳಂದಕ್ಕೇ ಹೆಸರಾದ ಕೈ. ಸಾಗವಾನಿ ತುಂಡಿನಲ್ಲಿ ಹೂವು ಕೆತ್ತಿದರೆ ದುಂಬಿ ಬಂದು ಕೂರಬೇಕು. ಅವರ ಒಂದೊಂದು ಹೂವಿಗೂ ಎರಡೆರಡು ಅಚ್ಚು: ಮೊದಲು ಬಟ್ಟೆಯ ಮೇಲೆ ಕಪ್ಪು ಗೆರೆ ಹೊಡೆಯಲು ಒಂದು, ಆ ಗೆರೆಯೊಳಗೆ ಬಣ್ಣ ತುಂಬಲು ಇನ್ನೊಂದು. ಒಂದು ಗೆರೆ, ಒಂದು ಭರ್ತಿ. ಜೋಡಿ ಜೋಡಿಯಾಗಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣ ತಮ್ಮ ಬಡಿದಾಡಿಕೊಂಡರು, ಹಿರಿಯರು ಪಾಲು ಮಾಡಲು ಕೂತರು. ಒಬ್ಬನು ಚಪ್ಪಲಿ ಅಂಗಡಿಯವನು, ಇನ್ನೊಬ್ಬನು ಬಸ್ ಕಂಡಕ್ಟರ್ ಆಗಿದ್ದವನು, ಮೂರನೆಯವನು ಕಾಳಿನ ಅಡತಿ ವ್ಯಾಪಾರದವನು. ಗಂಟು ಬಿಚ್ಚಿದರು, ಒಳಗೆ ಎರಡು ತುಂಡು ಕಂಡವು. "ಒಂದು ಬುರಾನುದ್ದೀನಗ, ಒಂದು ಖಾಜಾಗ. ಸಮ ಪಾಲು, ಯಾರೂ ಅಳಬಾರ್ದು." ಎಲ್ಲ ಗಂಟೂ ಹೀಗೇ ಹೋದವು. ಗೆರೆಯೆಲ್ಲ ನಮಗೆ, ಭರ್ತಿಯೆಲ್ಲ ಅವರಿಗೆ.

ನನ್ನ ಗಂಡ ಬುರಾನುದ್ದೀನ ತುಟಿ ಬಿಚ್ಚಲಿಲ್ಲ, ಖಾಜಾನೂ ಬಿಚ್ಚಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ಖುಷಿಯೇ ಆಗಿತ್ತು. ಗೆರೆ ಇಲ್ಲದೆ ಅವನು ಏನು ಕಿಸಿಯುತ್ತಾನೆ ನೋಡೋಣ! ಅವನೂ ಹಾಗೇ ಅಂದುಕೊಂಡಿದ್ದಿರಬೇಕು, ಹಲ್ಕಟ್.

ನವೆಂಬರ್ 14

ಜೇವರ್ಗಿಯಿಂದ ಮಾಳಿಂಗಪ್ಪ ಬಂದಿದ್ದರು. ಅಲ್ಲಿ ದೊಡ್ಡ ಬಟ್ಟೆ ಅಂಗಡಿ ಅವರದು. ಮೆಷಿನ್ ಮಾಲು ಸಾಕಾಗಿದೆ, ಕೈ ಅಚ್ಚಿನ ಬಟ್ಟೆ ಬೇಕು ಎಂದು ಹುಡುಕಿಕೊಂಡು ಬಂದವರು. ನನ್ನ ಗಂಡ ಇದ್ದಾಗ ಬಂದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಹೋದ ಮಳೆಗಾಲದಲ್ಲಿ ಜ್ವರ ಬಂದು ಸತ್ತ. ಇದ್ದಾಗಲೂ ಗೆರೆ ಮಾತ್ರ ಹೊಡೆದ ಬಟ್ಟೆಯನ್ನು ಅಫಜಲಪುರದ ಸಂತೆಯಲ್ಲಿ ಕೌದಿಯ ಅಸ್ತರಿಗೆಂದು ಮಾರುತ್ತಿದ್ದ, ಯಾರೂ ಕೊಳ್ಳದಿದ್ದರೆ ಮನೆಗೆ ಬಂದು ನನ್ನ ಮೇಲೆ ಕೈ ಮಾಡುತ್ತಿದ್ದ. ಆಮೇಲೆ ತಾನೇ ಚಹಾ ಮಾಡಿ ಕೊಡುತ್ತಿದ್ದ. ಕೆಟ್ಟವನಲ್ಲ.

ಮಾಳಿಂಗಪ್ಪ ನಾನು ತೋರಿಸಿದ ತೊಗರಿ ಹೂವಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸಾಯಿರಾಬಾಯಿ, ಎಲುಬು ಅದ, ಮಾಂಸ ಇಲ್ರಿ ಇದಕ್ಕ. ಒಳಗ ಹಳದಿ ತುಂಬಿ ಕೊಡ್ರಿ. ಸಂಕ್ರಾಂತಿ ಆದ ಮ್ಯಾಲ ಬರ್ತೀನಿ. ಛಲೋ ಬಂದ್ರ ವರ್ಷಪೂರ್ತಿ ನಿಮಗೇ ಕೆಲಸ."

ವರ್ಷಪೂರ್ತಿ! ಮೆಹನಾಜ ಬಾಗಿಲ ಸಂದಿಯಿಂದ ಕೇಳುತ್ತಿದ್ದಳು, ಅವಳ ಮುಖ ಅರಳಿದ್ದನ್ನು ನೋಡಿದೆ. ಹತ್ತೊಂಬತ್ತರ ಹುಡುಗಿ. ನನಗೆ ಬೇಕಾದದ್ದು ಇದೊಂದೇ, ಬೇರೆ ಏನೂ ಅಲ್ಲ: ನನ್ನ ಮಗಳ ಕೈಗೆ ಇಡೀ ಕೆಲಸ ಕೊಟ್ಟು ಸಾಯಬೇಕು. ಗೆರೆಯೂ ಅವಳದೇ, ಭರ್ತಿಯೂ ಅವಳದೇ. ಹೊಟ್ಟೆಗಾಗಿ ಯಾವ ಗಂಡಸಿನ ಕೈಯ ಏಟೂ ಅವಳು ತಿನ್ನಬಾರದು.

ಭರ್ತಿ ಅಚ್ಚನ್ನು ನಾನೇ ಕೆತ್ತುತ್ತೇನೆ. ಖಾಜಾ ತನ್ನದನ್ನು ತಲೆದಿಂಬು ಮಾಡಿಕೊಂಡು ಮಲಗಲಿ.

ನವೆಂಬರ್ 22

ಸೀಳಿತು. ಮೂರನೆಯ ತುಂಡೂ ಸೀಳಿತು. ಹೂವಿನ ಎಸಳಿನವರೆಗೆ ಸರಿಯಾಗಿ ಬಂದಿತ್ತು, ಉಳಿಗೆ ಒಂದು ಏಟು ಜಾಸ್ತಿ ಬಿದ್ದದ್ದೇ ತಡ, ಚಟ್ ಎಂದು ನಡುವೆ ಬಿರುಕು. ಮಾವ ಕಟ್ಟಿಗೆಯನ್ನು ವಾರಗಟ್ಟಲೆ ಕುಸುಬಿ ಎಣ್ಣೆಯಲ್ಲಿ ಮುಳುಗಿಸಿಡುತ್ತಿದ್ದರು. ಅಷ್ಟು ತಾಳ್ಮೆ ನನಗೆಲ್ಲಿದೆ? ಸಂಕ್ರಾಂತಿ ನನಗಾಗಿ ನಿಲ್ಲುತ್ತದೆಯೇ?

ಸಿಟ್ಟು ನೆತ್ತಿಗೇರಿ ಕೊಡತಿ ಬೀಸಿ ಒಗೆದೆ. ನೀರಿನ ಕೊಡಕ್ಕೆ ಬಡಿದು ಕೊಡ ಒಡೆದು ಮನೆಯೆಲ್ಲ ನೀರು. ಮೆಹನಾಜ ಕೊಡದ ಹತ್ತಿರವೇ ಕೂತಿದ್ದಳು, ಏನೂ ಆಗಲಿಲ್ಲ. ಅವಳು ಎದ್ದು ಚೂರು ಆರಿಸಿದಳು, ನೆಲ ಒರೆಸಿದಳು. ಒರೆಸಿದವಳು ಸುಮ್ಮನಿರಬಾರದೇ? ಉಳಿ ಎತ್ತಿಕೊಂಡು ಸೀಳಿದ ಕಟ್ಟಿಗೆಯನ್ನು ತಿರುವಿ ನೋಡುತ್ತ ಹೇಳಿದಳು:

"ಅಮ್ಮಿ, ನೀ ಭಾಳ ಜೋರು ಹೊಡಿತೀ. ಇದಕ್ಕ ಬಡಿಯೂದು ಬ್ಯಾಡ, ಒತ್ತಿದ್ರ ಸಾಕು. ನಾ ಒಂದು ಸಲ ನೋಡ್ಲೇನು?"

ಕೆನ್ನೆಗೆ ಕೊಟ್ಟೆ. ಉಳಿ ಹಿಡಿದ ಹುಡುಗಿಗೆ ಹಾಗೆ ಹೊಡೆಯಬಾರದು, ಕೈ ಜಾರಿದರೆ ಕಣ್ಣೇ ಹೋಗುತ್ತದೆ. ಆದರೆ ತಾಯಿಗೆ ಪಾಠ ಹೇಳುವುದೆಂದರೇನು? ಬೆರಳು ಕತ್ತರಿಸಿಕೊಂಡು ಕೂತರೆ ಅಚ್ಚು ಹೊಡೆಯುವವರು ಯಾರು? ಅವಳ ಒಳ್ಳೆಯದಕ್ಕೇ ಹೊಡೆದೆ.

ಅವಳು ಅಳಲಿಲ್ಲ. ನಾನು ಎದ್ದು ಒಲೆ ಹಚ್ಚಿ ಚಹಾ ಮಾಡಿದೆ, ಏಲಕ್ಕಿ ಹಾಕಿ, ಅವಳ ಕಪ್ಪಿಗೆ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಕುಡಿದಳು. ಮನಸ್ಸು ಹಗುರಾಯಿತು.

ಡಿಸೆಂಬರ್ 3



ಮಧ್ಯಾಹ್ನ ಖಾಜಾ ಬಂದ. ಕೈಯಲ್ಲಿ ಕೊಡಲಿ. ನಾನು ಹಿತ್ತಲಲ್ಲಿ ಬಟ್ಟೆ ಕುದಿಸುತ್ತಿದ್ದೆ. ಮಾಳಿಂಗಪ್ಪ ನನ್ನ ಹತ್ತಿರ ಬಂದುಹೋದ ಸುದ್ದಿ ಅವನಿಗೆ ಮುಟ್ಟಿದೆ. ಅವನ ಹತ್ತಿರವೂ ಹೋಗಿದ್ದರಂತೆ. ಅಲ್ಲಿ ಗೆರೆಯಿಲ್ಲದ ಹಳದಿ ಕಲೆಗಳನ್ನು ನೋಡಿ "ಕೂಸು ವಾಂತಿ ಮಾಡಿದಂಗ ಅದ" ಎಂದರಂತೆ. ಅದರ ಸಿಟ್ಟನ್ನೂ ನನ್ನ ಮೇಲೆ ಹಾಕಿಕೊಂಡು ಬಂದಿದ್ದ.

"ಅರ್ಧ ಇಟ್ಕೊಂಡು ಸಾಯ್ತೀಯೇನ ಭಾಬಿ? ನನಗೂ ಇಲ್ಲ, ನಿನಗೂ ಇಲ್ಲ. ನನ್ನ ಹೇಂತಿ ಮಕ್ಕಳು ಏನು ಮಣ್ಣು ತಿನ್ನಬೇಕಾ?"

"ತಿನ್ರಿ. ಆಳಂದದ ಮಣ್ಣು ಛಲೋ ಅದ," ಎಂದೆ.

ಅವನು ನೇರ ಒಳಗೆ ನುಗ್ಗಿದ. ಬೀಗ ಹಾಕಿದ್ದ ಅಚ್ಚಿನ ಕೋಣೆಯ ಬಾಗಿಲಿಗೆ ಕೊಡಲಿ ಬೀಸಿದ. ಎರಡನೆಯ ಏಟಿಗೆ ಹಲಗೆ ಒಡೆಯಿತು. ಕೈಗೆ ಸಿಕ್ಕ ಅಚ್ಚು ಎಳೆದುಕೊಂಡ. ಮಾವಿನಕಾಯಿ ಚಿತ್ತಾರದ ಬಳ್ಳಿಯ ಗೆರೆ ಅಚ್ಚು, ಮಾವ ಕಣ್ಣು ಮಂಜಾಗುವ ಮೊದಲು ಕೆತ್ತಿದ್ದು. ಅದನ್ನು ನೆಲಕ್ಕಿಟ್ಟು ಕೊಡಲಿ ಎತ್ತಿದ. ಸುಮ್ಮನೆ ಹೆದರಿಸುತ್ತಿದ್ದಾನೆ ಎಂದುಕೊಂಡೆ. ಹೆದರಿಸಲಿಲ್ಲ, ಒಡೆದ. ಕಟ್ಟಿಗೆ ಎರಡು ಹೋಳಾಗಿ ಒಂದು ಹೋಳು ನನ್ನ ಕಾಲಿಗೆ ಬಂದು ಬಡಿಯಿತು.

ಆಮೇಲೆ ನಡೆದದ್ದು ನನಗೆ ಸರಿಯಾಗಿ ನೆನಪಿದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಹಿತ್ತಲಿಗೆ ಓಡಿದೆ. ಹಂಡೆಯಲ್ಲಿ ನೀರು ಮರಳುತ್ತಿತ್ತು. ದೊಡ್ಡ ಚೊಂಬಿನಲ್ಲಿ ಅದ್ದಿ ತಂದೆ. ಅವನು ಎರಡನೆಯ ಅಚ್ಚಿಗೆ ಬಗ್ಗಿದ್ದ. ಎರಚಿದೆ. ಮುಖಕ್ಕೆಂದೇ ಎರಚಿದ್ದು, ಅವನು ತೋಳು ಅಡ್ಡ ತಂದದ್ದರಿಂದ ತೋಳಿಗೆ ಬಿತ್ತು. ಅಂಗಿಯ ತೋಳು ಚರ್ಮಕ್ಕೆ ಅಂಟಿತು. ಅವನು ಕೂಗಿದ ಕೂಗಿಗೆ ಕಂಪೌಂಡಿನ ಪಾರಿವಾಳಗಳೆಲ್ಲ ಎದ್ದವು. ಅಂಗಿ ಎಳೆದರೆ ಅದರ ಜೊತೆ ಚರ್ಮವೂ ಬಂತು.

ಮೆಹನಾಜ ತಣ್ಣೀರು ತಂದು ಅವನ ತೋಳಿನ ಮೇಲೆ ಸುರಿದಳು. ನಾನು ಬೇಡವೆಂದರೂ ಸುರಿದಳು. ಅವನು ಹೋದ ಮೇಲೆ ಒಡೆದ ಅಚ್ಚಿನ ಎರಡು ಹೋಳನ್ನು ಜೋಡಿಸಿ ನೋಡಿದೆ. ಕೂಡುತ್ತವೆ, ಆದರೆ ನಡುವೆ ಬೆರಳು ಹೋಗುವಷ್ಟು ಸಂದು.

ಡಿಸೆಂಬರ್ 9

ಖಾಜಾ ಪೊಲೀಸರ ಹತ್ತಿರ ಹೋಗಿಲ್ಲ. ಹೆದರಿದ್ದಾನೆ.

ಎರಡು ಮನೆಯಾಚೆಯ ಗುರಮ್ಮ ಬಂದು ಬುದ್ಧಿ ಹೇಳಿದಳು. ಕುಸುಬಿ ಎಣ್ಣೆ ಮಾರುವವಳು, ನನಗಿಂತ ಹಿರಿಯಳು, ಒಳ್ಳೆಯವಳೇ. ಆದರೆ ಬಾಯಿ ಹಾಕಬಾರದ ಕಡೆ ಹಾಕುತ್ತಾಳೆ.

"ಸಾಯಿರಾ, ಅವನ ತೋಳು ನೋಡಿದ್ಯೇನಬೇ? ಸುಟ್ಟ ಬದನೀಕಾಯಿ ಆಗ್ಯದ. ಪಾಲು ಮಾಡ್ದವ್ರು ಆರಾಮ ಮಲಗ್ಯಾರ, ನೀವಿಬ್ರೂ ಯಾಕ ಬಡಿದಾಡಿ ಸಾಯಾಕತ್ತೀರಿ? ಗಂಡ ಹೆಂಡ್ರ ಜಗಳದಾಗ ಕೂಸು ಬಡವಾಯ್ತಂತ, ಇಲ್ಲಿ ಭಾಬಿ ಮೈದುನನ ಜಗಳದಾಗ ಹುಡುಗಿ ಬಡವಾಗ್ಯದ. ಮೆಹನಾಜನ ಮಾರಿ ನೋಡಿ ಎಷ್ಟು ದಿನ ಆತು ನೀ?"

"ನನ್ನ ಮಗಳ ಮಾರಿ ನಾ ದಿನಾ ನೋಡ್ತೇನಕ್ಕ. ನೀ ನಿನ್ನ ಎಣ್ಣಿ ನೋಡ್ಕೋ."

ಎದ್ದು ಹೋದಳು. ಮೆಹನಾಜ ಅವಳ ಹಿಂದೆಯೇ ಹೋದಳು. ಸಮಾಧಾನ ಮಾಡಲಿಕ್ಕೆ ಇರಬೇಕು.

ಡಿಸೆಂಬರ್ 17

ಕೊಡತಿ ಸಿಗುತ್ತಿಲ್ಲ. ಸಣ್ಣ ಉಳಿಯೂ ಇಲ್ಲ. ಕೇಳಿದರೆ ಮೆಹನಾಜ "ಎಲ್ಲೋ ಇರ್ತಾವಮ್ಮಿ" ಎನ್ನುತ್ತಾಳೆ. ಸಿಕ್ಕಿದ್ದರೂ ಏನು ಮಾಡುತ್ತಿದ್ದೆ? ಐದನೆಯ ತುಂಡೂ ಸೀಳಿತು. ಮನೆಯಲ್ಲಿ ಉರುವಲಿಗೆ ಬರವಿಲ್ಲ.

ಅವಳು ಈಗ ಹೊರಗಿನ ಪಡಸಾಲೆಯಲ್ಲಿ ಮಲಗುತ್ತಾಳೆ. ಇಂಥ ಚಳಿಯಲ್ಲಿ ಒಳಗೆ ಸೆಖೆಯಂತೆ! ಮಧ್ಯಾಹ್ನವೆಲ್ಲ ಗುರಮ್ಮನ ಮನೆ. ಏನು ಮಾಡುತ್ತೀ ಎಂದರೆ ಎಣ್ಣೆ ಅಳೆದು ಕೊಡುತ್ತೇನೆ ಎನ್ನುತ್ತಾಳೆ. ಮೈಯೆಲ್ಲ ಕುಸುಬಿ ಎಣ್ಣೆಯ ವಾಸನೆ.

ಡಿಸೆಂಬರ್ 26

ಬೆಳಿಗ್ಗೆ ನಳದ ಹತ್ತಿರ ಒಂದು ತಕರಾರು. ಆ ತುದಿಮನೆಯ ಶಾರದಾಬಾಯಿ ನನ್ನ ಕೊಡ ಸರಿಸಿದಳು. ನಾನು ಅವಳ ಕೊಡ ಎತ್ತಿ ಚರಂಡಿಗೆ ಒಗೆದೆ, ಅಷ್ಟೆ. ಒಂದು ಮಾತೂ ಆಡಲಿಲ್ಲ. ಆಮೇಲೆ ನೋಡಿದರೆ ಸಾಲಿನಲ್ಲಿದ್ದ ಹೆಂಗಸರೆಲ್ಲ ಹಿಂದೆ ಸರಿದು ನನಗೆ ಮೊದಲು ಬಿಟ್ಟರು. ಗಂಡನಿದ್ದಾಗ ಈ ಮರ್ಯಾದೆ ಇರಲಿಲ್ಲ. ಒಂಟಿ ಹೆಂಗಸು ಗಟ್ಟಿಯಾಗಿದ್ದರೆ ಜಗತ್ತು ಹಾದಿ ಬಿಡುತ್ತದೆ.

ನೀರು ತರುವಾಗ ಕಂಡದ್ದು ಮಾತ್ರ ಹೊಟ್ಟೆಗೆ ಬೆಂಕಿ ಹಾಕಿದೆ. ಓಣಿಯ ತಿರುವಿನಲ್ಲಿ ಮೆಹನಾಜ ಖಾಜಾನ ಜೊತೆ ನಿಂತಿದ್ದಳು! ಅವನು ತೋಳಿನ ಪಟ್ಟಿ ಬಿಚ್ಚಿ ತೋರಿಸುತ್ತಿದ್ದ, ಅವಳು ಬಗ್ಗಿ ನೋಡುತ್ತಿದ್ದಳು. ಅವಳು ಏನೋ ಕೇಳಿ ಬೆರಳಿನಿಂದ ಗಾಳಿಯಲ್ಲಿ ಎಸಳಿನ ಆಕಾರ ಬರೆದು ತೋರಿಸಿದಳು, ಅವನು ಏನೋ ಹೇಳಿದ. ಇಬ್ಬರೂ ನಕ್ಕರು. ನನ್ನ ಮನೆಯಲ್ಲಿ ಅವಳು ನಕ್ಕು ಎಷ್ಟು ಕಾಲವಾಯಿತೋ.

ಮನೆಗೆ ಬಂದವಳ ಮಣಿಕಟ್ಟು ಹಿಡಿದು ತಿರುವಿದೆ. ಬಳೆ ಒಡೆದು ಚುಚ್ಚಿಕೊಂಡವು.

"ಏನು ಮಾರಿಕೊಂಡು ಬಂದೀ ಅವನಿಗೆ? ಹೇಳ್!"

"ಏನಿಲ್ಲಮ್ಮಿ. ಕಾಕಾನ ತೋಳು ಹ್ಯಾಂಗದ ಅಂತ ಕೇಳಿದೆ."

"ಹೂವಿನ ಮಾತು ಯಾಕ ಬಂತು?"

ಕೈ ಬಿಡಿಸಿಕೊಂಡು ಹೋಗಿ ರಕ್ತ ತೊಳೆದುಕೊಂಡಳು. ಚಹಾ ಮಾಡಿ ಕೊಟ್ಟೆ. ಕಪ್ಪು ಹಾಗೇ ಇದೆ, ಮೇಲೆ ಕೆನೆ ಕಟ್ಟಿದೆ. ಸೊಕ್ಕು ಬಂದಿದೆ ಹುಡುಗಿಗೆ.

ಜನವರಿ 2

ಮೆಹನಾಜಳಿಗೆ ಹೊಡೆದೆ.

ಬೆಳಿಗ್ಗೆ ಅವಳ ಹಾಸಿಗೆ ಬಿಸಿಲಿಗೆ ಹಾಕೋಣವೆಂದು ಎತ್ತಿದೆ. ಕೆಳಗೆ ಮಡಚಿಟ್ಟ ಬಟ್ಟೆ. ಬಿಚ್ಚಿದೆ. ತೊಗರಿ ಹೂವು! ಕಪ್ಪು ಗೆರೆ, ಒಳಗೆ ತುಂಬಿದ ಹಳದಿ. ಒಂದು ಹೂವಿನಲ್ಲೂ ಬಣ್ಣ ಗೆರೆಯಾಚೆ ಹೋಗಿಲ್ಲ, ಈಚೆ ಬಿಳಿ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ಇಂಥ ಭರ್ತಿ ನೋಡಿದ್ದು ಮಾವನ ಕಾಲದಲ್ಲಿ ಮಾತ್ರ. ಅಂದರೆ ಇದು ಮಾವನ ಅಚ್ಚು. ಅಂದರೆ ಖಾಜಾನ ಮನೆ. ನನ್ನ ಕೋಣೆಯಿಂದ ಗೆರೆ ಅಚ್ಚು ಕದ್ದು ಅವನ ಮೇಜಿನ ಮೇಲೆ ಇಟ್ಟು ಕೆಲಸ ಮಾಡಿಕೊಂಡು ಬಂದಿದ್ದಾಳೆ. ನಾನು ಹಲ್ಲು ಊರಿ, ಕುದಿಯುವ ನೀರು ಎರಚಿ ಕಾಯ್ದದ್ದನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೊತ್ತುಕೊಂಡು ಹೋಗಿ ಅವನಿಗೆ ಕೊಟ್ಟಿದ್ದಾಳೆ. ಇಷ್ಟೇ ಯೋಚಿಸಿದೆ. ಇದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಅವಳು ಹಿತ್ತಲಿನಿಂದ ಒಳಗೆ ಬಂದಳು. ನನ್ನ ಕೈಯಲ್ಲಿ ಬಟ್ಟೆ ಕಂಡು ಮುಖ ಅರಳಿಸಿದಳು. ಅರಳಿಸಿದಳು, ಹೌದು. "ಅಮ್ಮಿ, ನೋಡಿದಿ?" ಎಂದಳು.

ಮೇಜಿನ ಮೇಲೆ ತೊಗರಿ ಹೂವಿನ ಗೆರೆ ಅಚ್ಚು ಇತ್ತು. ಹಿಡಿಕೆಯ ಸಮೇತ ಎತ್ತಿ ಬೀಸಿದೆ. ಅಡ್ಡ ಬಂದ ಅವಳ ಬಲಗೈಗೆ ಮೊದಲು ಬಡಿಯಿತು, ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಎರಡನೆಯ ಸಲ ಹುಬ್ಬಿನ ಮೇಲೆ. ಎರಡನೆಯ ಸಲ ಬೇಕಿರಲಿಲ್ಲ. ಮೊದಲ ಏಟಿಗೇ ಅವಳು ಕೂತುಬಿಟ್ಟಿದ್ದಳು.

ಹಣೆ ಒಡೆದು ಕಣ್ಣು ಮುಚ್ಚುವಷ್ಟು ರಕ್ತ. ಬಾಗಿಲಿಗೆ ಗುರಮ್ಮ ಬಂದಳು, ಹಿಂದೆ ಯಾರು ಯಾರೋ ಬಂದರು. ಖಾಜಾ ಬಂದ. ಪಟ್ಟಿ ಕಟ್ಟಿದ ತೋಳಿನಲ್ಲೇ ಅವಳನ್ನು ಎತ್ತಿಕೊಂಡ. ನನ್ನ ಕಡೆ ನೋಡಲೂ ಇಲ್ಲ. ಆಟೋದ ಸದ್ದು ಕೇಳಿತು.

ನಾನು ಒಲೆಯ ಮುಂದೆ ಚಹಾ ಪಾತ್ರೆ ಇಟ್ಟುಕೊಂಡು ಕೂತಿದ್ದೆ. ಯಾಕೆ ಇಟ್ಟೆನೋ.

ಜನವರಿ 3

ಗುರಮ್ಮ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತು ಸೆರಗಿನಿಂದ ಒಂದು ವಸ್ತು ತೆಗೆದು ನೆಲದ ಮೇಲಿಟ್ಟಳು. ಭರ್ತಿ ಅಚ್ಚು. ತೊಗರಿ ಹೂವು. ಹೊಸ ಸಾಗವಾನಿ, ಇನ್ನೂ ಎಣ್ಣೆ ಜಿನುಗುತ್ತಿತ್ತು.

"ನನ್ನ ಎಣ್ಣಿ ಡಬ್ಬಿದಾಗ ಮುಳುಗಿಸಿಟ್ಟು, ನನ್ನ ಹಿತ್ತಲದಾಗ ಕುಂತು ಕೆತ್ತ್ಯಾಳ ನಿನ್ನ ಮಗಳು. ಯಾಕ ಇಲ್ಲಿ ಕುಂತೀಯವ್ವ ಅಂದ್ರ, ಅಮ್ಮಿ ನೋಡಿದ್ರ ಹೊಡಿತಾಳ ಅಂದ್ಳು. ಕೆಲಸ ಮುಗಿದ ಮ್ಯಾಲ ತೋರಿಸ್ತೀನಿ, ಆಗ ಹೊಡಿಯಂಗಿಲ್ಲ ಅಂದ್ಳು."

ಅಚ್ಚನ್ನು ಎತ್ತಿಕೊಂಡೆ.

"ಖಾಜಾನ ಮನಿ ಹೊಸ್ತಿಲ ಸೈತ ತುಳಿದಿಲ್ಲ ಹುಡುಗಿ. ಒಂದಿನಾ ಹಾದ್ಯಾಗ ಎಸಳಿನ ತುದಿ ಹ್ಯಾಂಗ ಅಂತ ಕೇಳಿದ್ಳಂತ. ಅವ ಹೇಳಿದ. ಅಷ್ಟ. ಸಾಯಿರಾ, ನಿನ್ನ ಕೈ ಬಿದ್ದು ಹೋಗ್ಲಿ."

ಇಷ್ಟು ಹೇಳಿ ಹೋದಳು.

ಬಟ್ಟೆಯನ್ನು ಮತ್ತೆ ತೆಗೆದು ಬಿಸಿಲಿನಲ್ಲಿ ಹರವಿದೆ. ಹಳೆಯ ಅಚ್ಚಿನ ಅಂಚು ಸವೆದಿರುತ್ತದೆ, ಬಣ್ಣದ ಮೂಲೆ ದುಂಡಗೆ ಬರುತ್ತದೆ. ಮಾವನ ಭರ್ತಿ ಅಚ್ಚುಗಳಿಗೆ ನನ್ನ ವಯಸ್ಸು. ಈ ಬಟ್ಟೆಯ ಮೇಲೆ ಒಂದೊಂದು ಎಸಳಿನ ತುದಿಯೂ ಸೂಜಿಯ ಹಾಗೆ ಚೂಪು. ಹೊಸ ಅಚ್ಚು ಎಂದು ಅಕ್ಷರ ಬಾರದ ಮುದುಕಿಯೂ ಹೇಳುತ್ತಾಳೆ, ಈ ಕೆಲಸದಲ್ಲಿ ಹುಟ್ಟಿದವಳಾದರೆ ಸಾಕು. ನಿನ್ನೆ ಇದೇ ಬಟ್ಟೆಯನ್ನು ಇದೇ ಕಣ್ಣಿನಿಂದ ನಾನು ನೋಡಿದ್ದೆ.

ಜನವರಿ 6

ಮೆಹನಾಜಳನ್ನು ಕಲಬುರಗಿಯ ದವಾಖಾನೆಯಿಂದ ಬಿಟ್ಟಿದ್ದಾರೆ. ಹುಬ್ಬಿನ ಮೇಲೆ ಹೊಲಿಗೆ, ಬಲಗೈಯ ಎರಡು ಬೆರಳು ಮುರಿದಿವೆ. ಕೂಡುತ್ತವಂತೆ. ಮೊದಲಿನ ಹಾಗೆ ಮಡಚಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ. ಅವಳು ಖಾಜಾನ ಮನೆಯಲ್ಲಿದ್ದಾಳೆ.

ಇದೆಲ್ಲ ನಳದ ಹತ್ತಿರ ತಿಳಿಯಿತು. ನನಗೆ ಹೇಳಿದ್ದಲ್ಲ, ನನಗೆ ಕೇಳುವ ಹಾಗೆ ಶಾರದಾಬಾಯಿ ಬೇರೆಯವರಿಗೆ ಹೇಳಿದ್ದು.

ಏನಾಯಿತೆಂದು ಡಾಕ್ಟರು ಕೇಳಿದರಂತೆ. ಅಟ್ಟದ ಮೇಲಿಂದ ಅಚ್ಚು ಬಿತ್ತು ಎಂದಳಂತೆ ಮೆಹನಾಜ. ಅವಳಪ್ಪ ಹೊಡೆದಾಗ ನಾನೂ ಡಾಕ್ಟರ ಮುಂದೆ ಪ್ರತಿಸಲ ಅಟ್ಟ ಎಂದೇ ಹೇಳುತ್ತಿದ್ದೆ. ಅವಳಿಗೆ ಆಗ ಐದಾರು ವರ್ಷ, ನನ್ನ ಸೀರೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದಳು.

ನಮ್ಮ ಮನೆಗೆ ಅಟ್ಟವೇ ಇಲ್ಲ.

ಜನವರಿ 8

ಬರೆಯುವುದು ಏನೂ ಇಲ್ಲ. ಸಿಟ್ಟು ಬರಲಿ ಎಂದು ಖಾಜಾ ಒಡೆದ ಬಾಗಿಲನ್ನು ನೋಡುತ್ತ ಕೂತೆ. ಬರಲಿಲ್ಲ.

ಜನವರಿ 16

ಮಾಳಿಂಗಪ್ಪ ಬಂದರು. ಬಟ್ಟೆಯ ಒಂದು ಅಂಚಿನಲ್ಲಿ ಕಂದು ಕಲೆ ಇದೆ, ತೊಳೆದರೂ ಹೋಗಿಲ್ಲ. ಆ ಅಂಚು ಮಡಚಿ ಹಿಡಿದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಆಹಾ! ಈಗ ಜೀವ ಬಂತು ನೋಡ್ರಿ. ಯಾರ ಕೈ ಇದು? ಲಾಡ್ಲೆಸಾಬರ ಹಳೇ ಅಚ್ಚೇನು?"

"ಅಲ್ರಿ. ನನ್ನ ಮಗಳು ಕೆತ್ತ್ಯಾಳ," ಎಂದೆ.

"ಎಲ್ಲದಾಳ? ಕರೀರಿ, ಶಾಬಾಸ್ ಅಂತೀನಿ."

ಅವಳ ಕಾಕಾನ ಮನೆಗೆ ಹೋಗಿದ್ದಾಳೆ ಎಂದೆ. ಕೆಲಸ ಅವಳ ಹೆಸರಿಗೇ ಕೊಡಿ, ಅಲ್ಲೇ ಹೋಗಿ ಮಾತಾಡಿ ಎಂದೆ. ಮನೆ ತೋರಿಸಲು ಓಣಿಯ ತಿರುವಿನವರೆಗೆ ಹೋಗಿ ಅಲ್ಲಿಂದ ವಾಪಸು ಬಂದೆ.

ಜನವರಿ 18

ಗೆರೆ ಅಚ್ಚುಗಳನ್ನೆಲ್ಲ ತೆಗೆದು ಒರೆಸಿದೆ. ಎಣ್ಣೆ ಹಚ್ಚಿದೆ. ತೊಗರಿ ಹೂವಿನ ಗೆರೆಯ ಸಂದಿಯಲ್ಲಿ ರಕ್ತ ಒಣಗಿ ಕೂತಿತ್ತು, ಸೂಜಿಯಿಂದ ಬಿಡಿಸಿ ತೆಗೆದೆ. ತಳ್ಳುಗಾಡಿ ತರಿಸಿ ಎಲ್ಲವನ್ನೂ ಹೇರಿ, ಮೇಲೆ ಮೆಹನಾಜಳ ಭರ್ತಿ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ಖಾಜಾನ ಮನೆಗೆ ತಳ್ಳಿಕೊಂಡು ಹೋದೆ. ದಾರಿಯಲ್ಲಿ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಂಡರು.

ಖಾಜಾ ಬಾಗಿಲು ತೆರೆದ. ತೆರೆದು ಅಲ್ಲೇ ಅಡ್ಡ ನಿಂತ. ತೋಳಿನ ಚರ್ಮ ಹೊಸದು, ಗುಲಾಬಿ ಬಣ್ಣ, ಇನ್ನೂ ನಯವಾಗಿಲ್ಲ.

"ಯಾಕ ಬಂದಿ ಭಾಬಿ? ಹುಡುಗೀನ ಕಳಸಂಗಿಲ್ಲ."

"ಕಳಸಂತ ಕೇಳಾಕ ಬಂದಿಲ್ಲ. ಇವು ಇಟ್ಕೋ. ಅವಳದು ಇವು. ನಿನ್ನ ಭರ್ತಿ ಜೋಡಿ ಗಂಟು ಕಟ್ಟಿಡು. ಅವಳ ಬೆರಳು ನೆಟ್ಟಗಾದ ಮ್ಯಾಲ ಕೊಡು."

ಅವನು ಗಾಡಿಯನ್ನು ನೋಡಿದ, ನನ್ನನ್ನು ನೋಡಿದ. ಎಲ್ಲಿ ಏನು ಅಡಗಿಸಿ ತಂದಿದ್ದಾಳೋ ಎಂದು ನನ್ನ ಕೈಗಳನ್ನೂ ನೋಡಿದ. ಕೊನೆಗೆ ಒಂದೊಂದೇ ಅಚ್ಚು ಇಳಿಸತೊಡಗಿದ. ಅವನಿಗೆ ಒಂದು ತೋಳು ಇನ್ನೂ ಸರಿಯಾಗಿ ಏಳುವುದಿಲ್ಲ, ಅರ್ಧ ನಾನೇ ಇಳಿಸಿದೆ.

ಸದ್ದು ಕೇಳಿ ಮೆಹನಾಜ ಬಾಗಿಲಿಗೆ ಬಂದಳು. ಹೊಲಿಗೆ ಬಿಚ್ಚಿದ್ದಾರೆ. ಹುಬ್ಬಿನ ಮೇಲೆ ಗಾಯದ ಗೆರೆ, ಎಸಳಿನ ಅಂಚಿನ ಹಾಗೆ ಬಾಗಿದೆ. ಕೈಗೆ ಇನ್ನೂ ಬಿಳಿ ಪಟ್ಟಿ ಇದೆ. ಸೊರಗಿದ್ದಾಳೆ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ.

"ಛಲೋ ಕೆತ್ತಿದ್ದಿ," ಎಂದೆ. ಅಷ್ಟೇ ಬಂತು.

ಅವಳು ತಲೆ ತಗ್ಗಿಸಿದಳು. ತಲೆಯ ಮೇಲಿನ ದುಪಟ್ಟಾ ಜಾರಿ ಗಾಯದ ಮೇಲೆ ಬಿತ್ತು, ನೂಲು ತಾಗಿ ಉರಿಯುತ್ತದೇನೋ ಎನ್ನಿಸಿತು. ಸರಿ ಮಾಡೋಣವೆಂದು ಕೈ ಎತ್ತಿದೆ.

ಮೆಹನಾಜ ಮುರಿದ ಕೈಯನ್ನೇ ಮುಖಕ್ಕೆ ಅಡ್ಡ ಹಿಡಿದು ಗೋಡೆಗೆ ಅಂಟಿಕೊಂಡಳು. "ಅಮ್ಮಿ, ಬ್ಯಾಡ," ಎಂದಳು. ಖಾಜಾ ಹಾರಿ ನಡುವೆ ಬಂದು ನಿಂತ.

ಕೈ ಇಳಿಸಿದೆ. ಖಾಲಿ ಗಾಡಿ ತಳ್ಳಿಕೊಂಡು ಮನೆಗೆ ಬಂದೆ. ಅದು ಹೊಡೆಯಲು ಎತ್ತಿದ ಕೈ ಅಲ್ಲ ಎಂದು ಅವಳಿಗೆ ಹೇಳಬೇಕಿತ್ತು. ಹೇಳಿದ್ದರೂ ನಂಬಲು ಅವಳ ಹತ್ತಿರ ಏನಿತ್ತು?